ಜೊತೆಗೆ ಬಂದವರು ಮಾತಾಡುವಂತಿಲ್ಲ

ಗಂಡ ತನ್ನ ಬೆನ್ನ ಹಿಂದೆ ಏನು ಹೇಳುತ್ತಾನೆ ಎಂಬುದನ್ನು ಯಾವ ಹೆಂಡತಿಯೂ ಕೇಳಿಸಿಕೊಳ್ಳಬಾರದು. ಕೇಳಿಸಿಕೊಳ್ಳಲೇಬೇಕಾದರೆ ಬಾಗಿಲ ಮರೆಯಲ್ಲಿ ನಿಂತು, ಅರ್ಧ ಕೇಳಿ, ಅರ್ಧ ಊಹಿಸಿ, ಸಂಜೆಗೆ ಒಂದು ಜಗಳ ತೆಗೆದು ಮುಗಿಸಿಬಿಡಬೇಕು. ಅವಳ ಗ್ರಹಚಾರ, ಅವಳು ಕೇಳಿದ್ದು ದುಬಾರಿ ಹೆಡ್‌ಫೋನಿನಲ್ಲಿ, ಸದ್ದು ಒಳಬಾರದ ಕೋಣೆಯಲ್ಲಿ, ಅವನ ಒಂದೊಂದು ಉಸಿರೂ ಬಿಡಿಬಿಡಿಯಾಗಿ ಕಿವಿಗೆ ಬೀಳುವಂತೆ.

ಗಂಡ ಓದುತ್ತಿದ್ದ ಬಿಸಿನೆಸ್ ಸ್ಕೂಲಿನಲ್ಲೇ ಅವಳಿಗೆ ರೆಕಾರ್ಡಿಂಗ್ ಕೋಣೆಯ ಕೆಲಸ. ಪಾಠಗಳ ಧ್ವನಿಮುದ್ರಣದಿಂದ ಕೆಮ್ಮು, ಆಕಳಿಕೆ, ಕುರ್ಚಿ ಎಳೆದ ಸದ್ದು ಎಲ್ಲ ತೆಗೆದು ಶುದ್ಧ ಮಾಡಿ ಕೊಡುವುದು. ಅವತ್ತು ಪ್ರವೇಶ ವಿಭಾಗದಿಂದ ಹಳೆಯ ಸಂದರ್ಶನಗಳು ಬಂದಿದ್ದವು. ಹೊಸದಾಗಿ ಸೇರಲು ಬಂದವರನ್ನು ಸಂದರ್ಶನ ಮಾಡುವಾಗ ಹಿರಿಯ ವಿದ್ಯಾರ್ಥಿಗಳೂ ಮೇಜಿನ ಆ ಕಡೆ ಕೂರುವುದು ಅಲ್ಲಿನ ಪದ್ಧತಿ. ಅವರ ತರಬೇತಿಗೆ ಮಾದರಿಗಳು ಬೇಕಾಗಿದ್ದವು. ಗುಟ್ಟು ಉಳಿಯಲೆಂದು ಹೆಸರು ತೆಗೆದು ಬರೀ ನಂಬರು ಹಾಕಿದ್ದರು. ನಂಬರಿಗೆ ಮುಖ ಇಲ್ಲದಿರಬಹುದು, ಗಂಟಲು ಇರುತ್ತದಲ್ಲ! "ಗುಡ್ ಮಾರ್ನಿಂಗ್ ಸಾರ್" ಎಂಬ ಮೊದಲ ಮಾತಿಗೇ ಅವಳಿಗೆ ಗಂಡನ ಗುರುತು ಹತ್ತಿತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನಿಮ್ಮ ಹೆಂಡತೀನೂ ಅರ್ಜಿ ಹಾಕಿದ್ದಾರಲ್ಲ. ಅವರ ಬಗ್ಗೆ ಏನು ಹೇಳ್ತೀರಿ?" ಎಂದು ಪ್ರವೇಶ ವಿಭಾಗದ ಮುಖ್ಯಸ್ಥರು ಕೇಳಿದರು.

ಗಂಡ ನಕ್ಕ. ಚಿಕ್ಕ ನಗು, ಮೂಗಿನಿಂದ ಬಂದದ್ದು.

"ಅವಳಾ? ಅವಳಿಗೆ ಕಿವಿ ಚೆನ್ನಾಗಿದೆ ಸಾರ್. ಎಂಥಾ ಕಿವಿ ಅಂತೀರಿ! ಆದ್ರೆ ಬಾಯಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಕೆಲಸ ತೆಗೆಯೋದು ಅವಳ ಕೈಲಿ ಆಗಲ್ಲ. ನಿಜ ಹೇಳ್ಬೇಕಂದ್ರೆ, ನಮ್ಮಿಬ್ಬರಲ್ಲಿ ಒಬ್ಬರಿಗೇ ಸೀಟು ಅಂತಾದ್ರೂ ಏನೂ ತೊಂದ್ರೆ ಇಲ್ಲ. ಅವಳು ಹೊಂದ್ಕೋತಾಳೆ."

ಅವಳು ಹೊಂದ್ಕೋತಾಳೆ! ಆ ಮಾತನ್ನು ಅವಳು ಮತ್ತೆ ಮತ್ತೆ ಹಾಕಿ ಕೇಳಿದಳು. ಕೆಲಸದ ಅಭ್ಯಾಸ, ಯಾವ ಅಕ್ಷರದ ಮೇಲೆ ಒತ್ತು ಬಿದ್ದಿದೆ, ಎಲ್ಲಿ ಉಸಿರು ತೆಗೆದಿದ್ದಾನೆ ಎಂದು ನೋಡಿದಳು. ಎಲ್ಲಿಯೂ ತಡವರಿಕೆ ಇರಲಿಲ್ಲ. ಒಂದಿಷ್ಟು ತಡವರಿಸಿದ್ದರೆ, ಒಂದು ಸಲ ಗಂಟಲು ಸರಿಮಾಡಿಕೊಂಡಿದ್ದರೆ, ಬಹುಶಃ ಅವಳು ಕ್ಷಮಿಸಿಬಿಡುತ್ತಿದ್ದಳೇನೋ.

ಹಾಗೆ ತಡವರಿಸದೆ ಮಾತಾಡುವುದನ್ನು ಅವನಿಗೆ ಕಲಿಸಿದವರು ಯಾರು? ಇವಳೇ. ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದ್ದರು. ಆಗ ಅವಳು ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಸೌಂಡ್ ಎಡಿಟರ್. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಮೈಕು ಇಟ್ಟು, ತಾನೇ ಪ್ರಶ್ನೆ ಕೇಳಿ, ಅವನ ಉತ್ತರ ರೆಕಾರ್ಡ್ ಮಾಡಿ ಅವನಿಗೇ ಕೇಳಿಸುತ್ತಿದ್ದಳು. "ನೋಡು, ಇಲ್ಲಿ ಓಡ್ತಿದ್ದೀಯ. ಇಲ್ಲಿ ಉಸಿರು ಕಟ್ಟಿದೆ. ಇನ್ನೊಂದ್ಸಲ." ತಿಂಗಳುಗಟ್ಟಲೆ ಅದೇ ಕೆಲಸ. ಅವನ ಅಭ್ಯಾಸದಲ್ಲಿ ಅವಳ ಅಭ್ಯಾಸಕ್ಕೆ ಸಮಯವೇ ಉಳಿಯುತ್ತಿರಲಿಲ್ಲ. ಕೊನೆಗೆ ಅವನಿಗೆ ಸೀಟು ಬಂತು, ಅವಳಿಗೆ 'ಈ ವರ್ಷ ಪೈಪೋಟಿ ತುಂಬಾ ಇತ್ತು' ಎಂಬ ಸಭ್ಯವಾದ ಸಾಲು ಬಂತು. ಅವಳು ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತು, ಮುಖ ತೊಳೆದು, ಹೊರಬಂದು ಗಂಡನನ್ನು ಅಪ್ಪಿಕೊಂಡಿದ್ದಳು.

ಸ್ಟುಡಿಯೋ ಕೆಲಸ ಬಿಟ್ಟು ಅವನ ಹಿಂದೆ ಬಂದಳು. ಬಂದ ಮೊದಲ ದಿನವೇ ಕೊರಳಿಗೆ ಒಂದು ಬಿಲ್ಲೆ ಹಾಕಿದರು. ವಿದ್ಯಾರ್ಥಿಗಳದ್ದು ನೀಲಿ. ಇವಳದ್ದು ಬೂದು ಬಣ್ಣದ್ದು, ಅದರ ಮೇಲೆ ಹೆಸರಿಗಿಂತ ದೊಡ್ಡದಾಗಿ 'ಜೊತೆಗೆ ಬಂದವರು' ಎಂದು ಅಚ್ಚಾಗಿತ್ತು. ಡೀನ್ ಭಾಷಣದಲ್ಲಿ "ಜೊತೆಗೆ ಬಂದವರೇ ಈ ಸಂಸ್ಥೆಯ ಬೆನ್ನೆಲುಬು" ಎಂದು ಚಪ್ಪಾಳೆ ಗಿಟ್ಟಿಸಿದರು. ಬೆನ್ನೆಲುಬಂತೆ ಬೆನ್ನೆಲುಬು! ಬೆನ್ನೆಲುಬಿಗೆ ತರಗತಿಯೊಳಗೆ ಪ್ರವೇಶವಿಲ್ಲ, ಗ್ರಂಥಾಲಯದಲ್ಲಿ ಸಂಜೆಯ ಮೇಲೆ ಕುರ್ಚಿಯಿಲ್ಲ. ಬುಧವಾರ ಮಧ್ಯಾಹ್ನ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಬೇರೆ ಬೆನ್ನೆಲುಬುಗಳ ಜೊತೆ ಚಹಾ ಮಾತ್ರ ಇದೆ. ಆದರೂ ಅವಳು ಹಲ್ಲು ಕಚ್ಚಿಕೊಂಡು ಇದ್ದಳು. ಸೀಟು ತಪ್ಪಿದ್ದು ತನ್ನ ಕೊರತೆಯಿಂದ ಎಂದು ನಂಬಿದ್ದಳು.

ಈಗ ಗೊತ್ತಾಯಿತಲ್ಲ ಯಾರ ಕೊರತೆ ಎಂದು.

ಅವನನ್ನು ಕೇಳಬಹುದಿತ್ತು. ಆದರೆ ಕೇಳಿದರೆ ಅವನು ಮಾತಾಡುತ್ತಾನೆ. ಮಾತಿಗೆ ಇಳಿದರೆ ಅವನೇ ಗೆಲ್ಲುತ್ತಾನೆ. ತರಗತಿಯಲ್ಲಿ ಅವನಿಗೆ 'ರೇಡಿಯೋ' ಎಂದೇ ಅಡ್ಡಹೆಸರು. ಆ ಸ್ಕೂಲಿನಲ್ಲಿ ಅರ್ಧ ಅಂಕ ತರಗತಿಯಲ್ಲಿ ಬಾಯಿಬಿಟ್ಟು ವಾದ ಮಾಡುವುದಕ್ಕೇ ಇದ್ದುದರಿಂದ ರೇಡಿಯೋಗೆ ಅಲ್ಲಿ ಭಾರಿ ಬೆಲೆ. ಅವನ ಅಖಾಡದಲ್ಲಿ ತಾನು ಯಾಕೆ ಇಳಿಯಲಿ? ಅವಳು ಮಾತು ಬಿಟ್ಟಳು. "ಏನಾಯ್ತೇ? ನಾನೇನು ಮಾಡ್ದೆ?" ಎಂದು ಅವನು ಬೆನ್ನು ಬಿದ್ದು ಕೇಳಿದ. "ಏನಿಲ್ಲ" ಎಂದಳು. ಸ್ವಲ್ಪ ದಿನದ ಮೇಲೆ ಅದನ್ನೂ ಹೇಳಲಿಲ್ಲ. ಅವನೂ ಕೇಳುವುದನ್ನು ಕಡಿಮೆ ಮಾಡಿದ. ಒಂದೇ ಸೂರಿನಡಿ, ಒಂದೇ ಕೆಟಲಿನ ನೀರು ಕುಡಿಯುತ್ತ, ಇಬ್ಬರೂ ಬಾಡಿಗೆದಾರರ ಹಾಗೆ ಇರತೊಡಗಿದರು. ಅವನು ಕಳಿಸುವ ಮೆಸೇಜುಗಳನ್ನು ಓದದೆಯೇ ಅಳಿಸಿಬಿಡುವುದರಲ್ಲಿ ಅವಳಿಗೆ ಒಂದು ಸುಖ ಸಿಕ್ಕಿತು.

ಅದೇ ಸಿಟ್ಟಿನಲ್ಲಿ ಅವಳು ಮತ್ತೊಮ್ಮೆ ಅರ್ಜಿ ಹಾಕಿದಳು, ಅವನಿಗೆ ತಿಳಿಸದೆ. ಸಿಟ್ಟಿಗೆ ಎಂಥಾ ಶಕ್ತಿ ನೋಡಿ, ಈ ಸಲದ ಸಂದರ್ಶನದಲ್ಲಿ ಅವಳ ಬಾಯಿಂದ ಮಾತು ನೀರಿನ ಹಾಗೆ ಹರಿಯಿತು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಳ್ಳುವ ಪ್ರವೇಶ ಮುಖ್ಯಸ್ಥರು ಎದ್ದು ಕೈಕುಲುಕಿ, "ಹೋದ ಸಲ ನಿಮ್ಮನ್ನ ಯಾಕೆ ಬಿಟ್ವಿ ಅಂತ ನನಗೇ ಆಶ್ಚರ್ಯ ಆಗ್ತಿದೆ. ತಿಂಗಳ ಕೊನೆಗೆ ಒಳ್ಳೆ ಸುದ್ದಿ ನಿರೀಕ್ಷಿಸಿ" ಎಂದರು. ಯಾಕೆ ಬಿಟ್ಟಿರಿ ಅಂತ ನನ್ನ ಕಂಪ್ಯೂಟರಿನಲ್ಲಿದೆ ಸಾರ್, ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡು ನಕ್ಕಳು.

ಇನ್ನೊಬ್ಬಳಾಗಿದ್ದರೆ ಅಷ್ಟಕ್ಕೆ ತೃಪ್ತಿಪಡುತ್ತಿದ್ದಳು. ನೀಲಿ ಬಿಲ್ಲೆ ಕೊರಳಿಗೆ ಬೀಳುವ ದಿನ ಕಾದು, ಅವನ ಮುಂದೆ ಒಂದು ಸಲ ಓಡಾಡಿ, ಬಿಟ್ಟುಬಿಡುತ್ತಿದ್ದಳು. ಆದರೆ ಅವನು ಇನ್ನೇನು ಪದವಿ ಮುಗಿಸಿ, ಕೋಟು ಹಾಕಿಕೊಂಡು, ವೇದಿಕೆ ಹತ್ತಿ, ಮತ್ತೆ ಭಾಷಣ ಮಾಡುತ್ತಾನಲ್ಲ! ಅದನ್ನು ನೆನೆದರೇ ಹೊಟ್ಟೆಯಲ್ಲಿ ಕಿಚ್ಚು. ಅವಳಿಗೆ ಸೀಟು ಬೇಕಿತ್ತು, ನಿಜ. ಅವನ ಸೀಟು ಹೋಗುವುದೂ ಅಷ್ಟೇ ಬೇಕಿತ್ತು. ಅದೂ ಅವನ ಬಾಯಿಂದಲೇ ಹೋಗಬೇಕು. ಅವಳಿಗೆ ಇಲ್ಲದ ಆ ಬಾಯಿಂದಲೇ.

ಉಪಾಯ ಹೊಳೆದದ್ದು ಹಳೆಯ ಹಾರ್ಡ್‌ಡಿಸ್ಕ್ ಒಂದನ್ನು ಒರೆಸುವಾಗ. ಅಡುಗೆಮನೆಯ ಮೇಜಿನ ಅಭ್ಯಾಸಗಳೆಲ್ಲ ಅದರಲ್ಲಿ ಹಾಗೇ ಇದ್ದವು, ಗಂಟೆಗಟ್ಟಲೆ, ಒಳ್ಳೆಯ ಮೈಕಿನಲ್ಲಿ. ಒಬ್ಬ ಮನುಷ್ಯ ಜೀವನದಲ್ಲಿ ಆಡುವ ಮಾತುಗಳೆಲ್ಲ ಅದರಲ್ಲಿದ್ದವು ಅನ್ನಬಹುದು. ಡಬ್ಬಿಂಗ್ ಸ್ಟುಡಿಯೋದಲ್ಲಿ ನಟರು ನುಂಗಿದ ಅಕ್ಷರಗಳನ್ನು ಬೇರೆ ಸಾಲಿನಿಂದ ಕತ್ತರಿಸಿ ತಂದು ಹೊಲಿಯುವುದೇ ಅವಳ ಕಸುಬಾಗಿತ್ತು. ಒಂದು ಅಕ್ಷರ ಹೊಲಿಯುವವಳಿಗೆ ಒಂದು ವಾಕ್ಯ ಹೊಲಿಯುವುದು ಯಾವ ಮಹಾ ಕೆಲಸ?

ಏನು ಹೇಳಿಸಬೇಕು ಎಂಬುದನ್ನು ಅವಳು ತುಂಬ ಯೋಚಿಸಿ ನಿರ್ಧರಿಸಿದಳು. ಕೊನೆಯ ವರ್ಷದ ದೊಡ್ಡ ಪರೀಕ್ಷೆಗೆ ಒಂದು ಕಂಪನಿಯ ಕತೆಯನ್ನು ಪ್ರಶ್ನೆಯಾಗಿ ಕೊಡುತ್ತಾರೆ. ಅದಕ್ಕೆ ಅಲ್ಲಿ 'ಕೇಸು' ಎನ್ನುತ್ತಾರೆ. ಪರೀಕ್ಷೆಯ ಬೆಳಗಿನವರೆಗೂ ಅದು ಪರೀಕ್ಷಾ ಕಚೇರಿಯ ಸಹಾಯಕಿಯ ಬೀಗದಲ್ಲಿರುತ್ತದೆ. ಆ ಸಹಾಯಕಿಯ ತಮ್ಮ ಈ ವರ್ಷ ಪ್ರವೇಶಕ್ಕೆ ಅರ್ಜಿ ಹಾಕಿದ್ದ; ಅದು ಕ್ಯಾಂಟೀನಿನ ಗೋಡೆಗೂ ಗೊತ್ತಿದ್ದ ವಿಷಯ. ಮತ್ತು ಸಂದರ್ಶನದ ಮೇಜಿನ ಆ ಕಡೆ ಕೂರುವ ವಿದ್ಯಾರ್ಥಿಗಳಲ್ಲಿ ಅವಳ ಗಂಡನೂ ಒಬ್ಬ. ಕೇಸು ಮೊದಲೇ ಕೊಡಿ, ನಿಮ್ಮ ತಮ್ಮನನ್ನು ನಾನು ದಡ ಸೇರಿಸುತ್ತೇನೆ. ಒಂದೇ ಕಲ್ಲಿಗೆ ಪರೀಕ್ಷೆಯ ಮೋಸ, ಪ್ರವೇಶದ ಮೋಸ, ಎರಡೂ. ಆ ಸ್ಕೂಲಿನಲ್ಲಿ ಯಾವುದನ್ನಾದರೂ ಮನ್ನಿಸಿಯಾರು, ಇದನ್ನಲ್ಲ.

ಊಟದ ವಿರಾಮದಲ್ಲಿ ರೆಕಾರ್ಡಿಂಗ್ ಕೋಣೆ ಖಾಲಿಯಿರುತ್ತಿತ್ತು. ಬ್ರೆಡ್ಡು ಕಚ್ಚುತ್ತ ಅವಳು ಕೆಲಸ ಮಾಡಿದಳು. 'ಪರೀಕ್ಷೆ' ಎಂಬುದು ಅವನ ಕಾಲೇಜಿನ ಕತೆಯಿಂದ ಬಂತು. 'ತಮ್ಮನ' ಎಂಬುದು, ಕಷ್ಟದಲ್ಲಿದ್ದ ತಮ್ಮನಿಗೆ ಹೇಗೆ ದಾರಿ ತೋರಿಸಿದೆ ಎಂದು ಅವನು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಿದ್ದ ಉತ್ತರದಿಂದ. ಅಲ್ಲಿ ಅದು 'ನನ್ನ ತಮ್ಮನ' ಎಂದಿತ್ತು. 'ನಿಮ್ಮ ಸಂಸ್ಥೆ' ಎಂಬಲ್ಲಿಂದ 'ನಿಮ್ಮ' ಕತ್ತರಿಸಿ ತಂದು ಮುಂದೆ ಕೂರಿಸಿದಳು. 'ನನ್ನ ಜವಾಬ್ದಾರಿ' ಎಂಬುದನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ, ಪ್ರತಿ ಉತ್ತರದಲ್ಲೂ ಅದು ಬಿದ್ದು ಹೊರಳಾಡುತ್ತಿತ್ತು. 'ಯಾರಿಗೂ ಹೇಳಬೇಡಿ' ಸಿಕ್ಕಿದ್ದು ಒಂದು ಅಭ್ಯಾಸದ ಕೊನೆಗೆ. ಅವಳ ಕೆನ್ನೆಗೆ ಮುತ್ತಿಟ್ಟು, ಮೈಕಿನ ಹತ್ತಿರ ಬಗ್ಗಿ, ಸಂದರ್ಶನದ ದನಿಯಲ್ಲೇ ತಮಾಷೆಗೆ ಹೇಳಿದ್ದು. ಅದನ್ನು ಕತ್ತರಿಸುವಾಗ ಅವಳ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಆ ಮೂಗಿನ ನಗು ನೆನಪಾಯಿತು. ಕತ್ತರಿಸಿದಳು.

ಉಸಿರಿನ ವಿಷಯದಲ್ಲೇ ಕಳ್ಳರು ಸಿಕ್ಕಿಬೀಳುವುದು ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಮಾತಿನ ಮುಂದೆ ಅದಕ್ಕೆ ತಕ್ಕ ಉಸಿರು ಇಟ್ಟಳು. ದನಿ ಏರಿದ ಕಡೆ ಇಳಿಸಿದಳು. ಹಳೆಯ ಅಡುಗೆಮನೆಯ ಗೋಡೆಗಳ ಗುಂಯ್ ತೆಗೆದು, ಈಗಿನ ಮನೆಯ ಹಜಾರದ ಗುಂಯ್ ತುಂಬಿದಳು. ಉಳಿದ ಹೊಲಿಗೆಯ ಗುರುತನ್ನು ಫೋನಿನ ಕಳಪೆ ದನಿಯೇ ನುಂಗಿಹಾಕುತ್ತದೆ. ಕೊನೆಗೆ ಕಣ್ಣು ಮುಚ್ಚಿ ಕೇಳಿದಳು.

"ಮೇಡಂ, ಪರೀಕ್ಷೆಯ ಕೇಸು ನನಗೆ ಮೊದಲೇ ಸಿಕ್ಕಿದರೆ ಸಾಕು. ನಿಮ್ಮ ತಮ್ಮನ ಸಂದರ್ಶನ ನನ್ನ ಜವಾಬ್ದಾರಿ. ಯಾರಿಗೂ ಹೇಳಬೇಡಿ."

ಹೆತ್ತ ತಾಯಿ ಕೇಳಿದರೂ ನನ್ನ ಮಗನೇ ಅನ್ನಬೇಕು. ಅವಳಿಗೆ ತನ್ನ ಕೆಲಸದ ಮೇಲೆ ಹೆಮ್ಮೆಯಾಯಿತು. ಇಂಥ ಕೆಲಸಕ್ಕೆ ಯಾರೂ ಬಹುಮಾನ ಕೊಡುವುದಿಲ್ಲವಲ್ಲ ಎಂದು ಸಣ್ಣಗೆ ಬೇಸರವೂ ಆಯಿತು.

ಇನ್ನು ಉಳಿದದ್ದು ಅದನ್ನು ತಲುಪಿಸುವುದು. ಪರೀಕ್ಷಾ ಕಚೇರಿಯ ಸಹಾಯಕಿ ಫೋನು ಎತ್ತುವುದಕ್ಕೆ ಹೆಸರಾದ ಸೋಮಾರಿ. ಸಂಜೆ ಬಾಗಿಲು ಹಾಕಿದ ಮೇಲಂತೂ ಎಲ್ಲ ಕರೆಯೂ ಯಂತ್ರಕ್ಕೆ ಹೋಗಿ ದಾಖಲಾಗುತ್ತದೆ, ದಿನ ಮತ್ತು ಹೊತ್ತಿನ ಸಮೇತ. ಕರೆ ಹೋಗಬೇಕಾದ್ದು ಗಂಡನ ಫೋನಿನಿಂದ. ಪರೀಕ್ಷೆ ಮುಂದಿನ ಸೋಮವಾರ. ಅವನಿಗೆ ಅಂಥ ಆಸೆ ಹುಟ್ಟುವುದಕ್ಕೂ, ಕೇಸು ಕೈಸೇರುವುದಕ್ಕೂ, ಗುರುವಾರ ಸಂಜೆ ಹದವಾದ ಹೊತ್ತು ಎಂದು ಲೆಕ್ಕ ಹಾಕಿದಳು. ಅವನು ಸ್ನಾನಕ್ಕೆ ಹೋದಾಗ ಫೋನು ಹೇಗೆ ಎಗರಿಸಬೇಕು, ಹೇಗೆ ಹಾಗೇ ವಾಪಸ್ ಇಡಬೇಕು ಎಂಬುದನ್ನು ಕೂಡ ತಲೆಯಲ್ಲೇ ಅಭ್ಯಾಸ ಮಾಡಿದ್ದಳು.

ಆ ವಾರ ಅದೃಷ್ಟ ತಾನಾಗಿ ಬಂದು ಅವಳ ಮಡಿಲಲ್ಲಿ ಕೂತಿತು.

ಅದಕ್ಕೆ ಮುಂಚಿನ ಶನಿವಾರ ತರಗತಿ ತರಗತಿಗಳ ನಡುವೆ ಆಟದ ಪಂದ್ಯ ಇತ್ತು. ಜೊತೆಗೆ ಬಂದವರಿಗೂ ಕರೆಯಿತ್ತು, ಅವಳು ಹೋಗಲಿಲ್ಲ. ಅಲ್ಲಿಂದ ಬಂದವನು ಭಾನುವಾರ ಪೂರ್ತಿ ಹೊದ್ದು ಮಲಗಿದ. ಸೋಮವಾರ ಬೆಳಿಗ್ಗೆ ಅವಳು ಕೆಟಲ್ ತುಂಬುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. ಅವಳು ತಲೆ ಎತ್ತಿದಾಗ, ಅಂಗೈಯನ್ನು ಕತ್ತಿನ ಹತ್ತಿರ ಇಟ್ಟು, ಅಡ್ಡಡ್ಡ ತಲೆಯಾಡಿಸಿದ. ಮುಖದಲ್ಲಿ ದೈನ್ಯ.

ಓಹೋ, ಇಲ್ಲಿವರೆಗೂ ಬಂದಿದೆಯಂತೆ ಇವನಿಗೆ! ಸಾಕಾಗಿ ಹೋಗಿದೆಯಂತೆ! ಅವಳ ಮೈ ಉರಿದುಹೋಯಿತು. ಅವನನ್ನು ಸರಿಸಿಕೊಂಡು ಹೊರಗೆ ಬಂದಳು. ಬ್ಯಾಗಿನಲ್ಲಿ ಅವಳ ಫೋನು ಗುರ್ ಎಂದಿತು, ಅವನದೇ ಮೆಸೇಜು. ಬಸ್ಸು ಬರುವುದರೊಳಗೆ ಅಳಿಸಿಯೂ ಆಗಿತ್ತು.

ಅಲ್ಲಿಂದ ಅವನೂ ಪೂರ್ತಿ ಮಾತು ಬಿಟ್ಟ. ಮೊದಲಾದರೆ ಕನ್ನಡಿಯ ಮುಂದೆ ಗೊಣಗುವುದು, ಫೋನಿನಲ್ಲಿ ಗೆಳೆಯರ ಜೊತೆ ಹರಟುವುದು ಇರುತ್ತಿತ್ತು; ಈಗ ಅದೂ ಇಲ್ಲ. ಬಿಸಿನೀರಿನ ಲೋಟ ಹಿಡಿದು ಕಿಟಕಿಯ ಹತ್ತಿರ ಕೂತಿರುತ್ತಿದ್ದ. ತನಗೇ ಸವಾಲು ಹಾಕುತ್ತಿದ್ದಾನೆ, ಯಾರು ಮೊದಲು ಬಾಯಿಬಿಡುತ್ತಾರೆ ನೋಡೋಣ ಎಂದು ಕೂತಿದ್ದಾನೆ ಎಂದುಕೊಂಡಳು. ಕೂತಿರಲಿ, ಅವನ ಮಾತು ಅವನಿಗಿಂತ ಚೆನ್ನಾಗಿ ಆಡುವವಳು ತಾನಿದ್ದೇನಲ್ಲ. ಫೋನನ್ನಂತೂ ಅವನು ಮುಟ್ಟುವುದೇ ಅಪರೂಪವಾಯಿತು. ಪುಸ್ತಕದ ಕಪಾಟಿನ ಮೇಲೆ ಬಿದ್ದಿರುತ್ತಿತ್ತು. ಸಂಜೆ ಕೆರೆಯ ದಂಡೆಗೆ ನಡೆದು ಬರಲು ಹೋದರೂ ಅದನ್ನು ಬಿಟ್ಟೇ ಹೋಗುತ್ತಿದ್ದ.

ಮಂಗಳವಾರ ಅತ್ತೆ ಅವಳಿಗೇ ಫೋನು ಮಾಡಿದರು. "ಏನಮ್ಮ, ನನ್ನ ಮಗನಿಗೇನು ಬಂದಿದೆ? ಫೋನ್ ಮಾಡಿದ್ರೆ ಎತ್ತಲ್ಲ. 'ಕ್ಲಾಸಲ್ಲಿದ್ದೀನಿ, ಆಮೇಲೆ ಮಾಡ್ತೀನಿ' ಅಂತ ಮೆಸೇಜ್ ಹಾಕ್ತಾನೆ. ಹೆತ್ತ ತಾಯಿ ಜೊತೆ ಎರಡು ಮಾತಾಡೋಕೆ ಪುರುಸೊತ್ತಿಲ್ವಾ?"

"ದೊಡ್ಡ ಮನುಷ್ಯರಾಗಿದ್ದಾರೆ ಅತ್ತೆ. ನನ್ನ ಹತ್ರಾನೇ ಮಾತಾಡಲ್ಲ."

"ಅಯ್ಯೋ, ಹಾಗಂತ ನೀನು ಮುಖ ಊದಿಸ್ಕೊಂಡು ಕೂರ್ಬೇಡ. ಸ್ವಲ್ಪ ನೋಡು ಅವನ ಕಡೆ."

ನೋಡ್ತೀನಿ ಅತ್ತೆ, ಚೆನ್ನಾಗಿ ನೋಡ್ತೀನಿ, ಎಂದು ಫೋನು ಇಟ್ಟಳು.

ಬುಧವಾರದ ಚಹಾಕ್ಕೆ ಅವಳು ಬೇಕೆಂದೇ ಹೋದಳು. ಎಲ್ಲ ಎಂದಿನಂತಿದೆ ಎಂದು ನಾಲ್ಕು ಜನ ನೋಡಿರಬೇಕು. ಅಲ್ಲಿದ್ದ ಬೂದು ಬಿಲ್ಲೆಯವರಲ್ಲಿ ಒಬ್ಬಳು ಹಲ್ಲಿನ ಡಾಕ್ಟರು, ಅವಳ ಗಂಡ ಇವನದೇ ತರಗತಿ. ಇವಳನ್ನು ಕಂಡದ್ದೇ ತಡ ಅವಳು ಕಣ್ಣು ಮಿಟುಕಿಸಿ, "ಏನಮ್ಮಾ, ಈ ವಾರ ನಿಮ್ಮನೆ ಭಾರಿ ಶಾಂತವಾಗಿರ್ಬೇಕಲ್ಲ!" ಎಂದಳು. ಸುತ್ತ ಕೂತವರು ಕಿಸಕ್ಕೆಂದರು.

ಮನೆಯ ಜಗಳ ಇವರವರೆಗೂ ಬಂದಿದೆಯೇ? ಹೊರಗೆ ಹೋಗಿ ಹೇಳಿಕೊಂಡು ತಿರುಗುತ್ತಿದ್ದಾನೆಯೇ?

"ಹೂಂ. ತುಂಬಾ ಶಾಂತ," ಎಂದಳು, ಹಲ್ಲು ಕಾಣದಂತೆ ನಕ್ಕು.

"ಪುಣ್ಯವಂತೆ ಬಿಡು. ನಮ್ಮನೆಯವರಿಗೂ ಒಂದು ವಾರ ಹಾಗಾದ್ರೆ ನಾನು ಹಬ್ಬ ಮಾಡ್ತೀನಿ."

ಮತ್ತೆ ನಗು. ಇವಳು ಚಹಾದ ಲೋಟ ಅರ್ಧಕ್ಕೇ ಬಿಟ್ಟು ಎದ್ದಳು. ಇದುವರೆಗೆ ಎಲ್ಲೋ ಮೂಲೆಯಲ್ಲಿ ಒಂದು ಚೂರು ಅನುಮಾನ ಉಳಿದಿತ್ತು, ಮಾಡಲೋ ಬೇಡವೋ ಎಂದು. ಆ ನಗುವಿನಲ್ಲಿ ಅದೂ ತೊಳೆದುಹೋಯಿತು.

ಗುರುವಾರ ಸಂಜೆ ಅವನು ಕೋಟು ಹಾಕಿಕೊಂಡು, ಕತ್ತಿಗೆ ಬಟ್ಟೆ ಸುತ್ತಿಕೊಂಡು, ಕೆರೆಯ ಕಡೆ ಹೊರಟ. ಬಾಗಿಲಲ್ಲಿ ನಿಂತು ಬರುತ್ತೀಯಾ ಎನ್ನುವಂತೆ ಕೈ ಮಾಡಿದ. ಅವಳು ಮುಖ ತಿರುಗಿಸಿದಳು. ಮೆಟ್ಟಿಲಲ್ಲಿ ಅವನ ಹೆಜ್ಜೆ ಇಳಿದು, ಹೊರಗಿನ ಕಬ್ಬಿಣದ ಗೇಟು ಮುಚ್ಚಿದ ಸದ್ದು ಕೇಳುವವರೆಗೂ ಕಾದಳು. ಕಪಾಟಿನಿಂದ ಫೋನು ತೆಗೆದುಕೊಂಡಳು. ಅದರ ಬೀಗದ ಸಂಖ್ಯೆ ಅವರ ಮದುವೆಯ ದಿನಾಂಕ. ಇನ್ನೂ ಬದಲಾಯಿಸಿರಲಿಲ್ಲ ಪೆದ್ದ. ಪರೀಕ್ಷಾ ಕಚೇರಿಯ ಯಂತ್ರ 'ಸಂದೇಶ ಬಿಡಿ' ಎಂದು ಕೀಂ ಎಂದಿತು. ಚಿಕ್ಕ ಸ್ಪೀಕರನ್ನು ಫೋನಿನ ಬಾಯಿಗೆ ಹಿಡಿದಳು. ಹಜಾರದಲ್ಲಿ ಗಂಡನ ದನಿ ತುಂಬು ಕಂಠದಲ್ಲಿ ಕೇಳಿತು. ಎಷ್ಟು ದಿನದ ಮೇಲೆ ಮನೆಯಲ್ಲಿ ಆ ದನಿ! ಅವಳಿಗೆ ಯಾಕೋ ಮೈ ಜುಮ್ಮೆಂದಿತು. ಮುಗಿದ ಮೇಲೆ ಫೋನನ್ನು ಅದೇ ಕೋನದಲ್ಲಿ, ಅದೇ ಪುಸ್ತಕದ ಮೇಲೆ ಇಟ್ಟಳು.

ಹೊಲಿದ ಕಡತ, ಅದರ ತುಂಡುಗಳು, ಹಳೆಯ ಅಭ್ಯಾಸದ ಗಂಟೆಗಳು, ಯಾವುದನ್ನೂ ಉಳಿಸಲಿಲ್ಲ. ಡಿಸ್ಕನ್ನು ಸುತ್ತಿಗೆಯಲ್ಲಿ ಕುಟ್ಟಿ, ಮರುದಿನ ಬಸ್ ನಿಲ್ದಾಣಗಳ ಕಸದ ಡಬ್ಬಿಗಳಿಗೆ ಹಂಚಿದಳು. ಅಡುಗೆಮನೆಯ ಮೇಜು, ಮೈಕು, ಮುತ್ತು, ಎಲ್ಲ ಅದರಲ್ಲೇ ಹೋದವು.

ಶುಕ್ರವಾರ ಸಂದೇಶ ಕೇಳಿದ ಸಹಾಯಕಿ ಹೆದರಿ, ಓಡಿಹೋಗಿ ಶಿಸ್ತು ಸಮಿತಿಗೆ ಒಪ್ಪಿಸಿದಳು. ಅವಳಿಗೆ ತನ್ನ ತಮ್ಮನ ಅರ್ಜಿಯ ಚಿಂತೆ. ಅವಳು ಹಾಗೇ ಮಾಡುತ್ತಾಳೆ ಎಂಬುದೂ ಇವಳ ಲೆಕ್ಕದಲ್ಲಿತ್ತು. ಪರೀಕ್ಷೆ ಮುಗಿದ ಮೇಲೆ ಅವನಿಗೆ ಕರೆ ಬಂತು. ವಿಷಯವೇನೆಂದು ಮೊದಲೇ ತಿಳಿಸುವ ಪದ್ಧತಿ ಅಲ್ಲಿಲ್ಲ. ಸಾಕ್ಷ್ಯವನ್ನು ಎಲ್ಲರೂ ಒಟ್ಟಿಗೆ, ಮೊದಲ ಸಲ, ಸಭೆಯಲ್ಲೇ ಕೇಳುತ್ತಾರೆ. ಕರೆಸಿಕೊಂಡವನು ತನ್ನವರೊಬ್ಬರನ್ನು ಜೊತೆಗೆ ತರಬಹುದು.

ಅವತ್ತು ಸಂಜೆ ಅವನು ಅವಳ ಮುಂದೆ ಬಂದು ನಿಂತ. "ನನ್ನ ಜೊತೆ ಬರ್ತೀಯಾ?" ಎಂದ. ದನಿ ಒಡೆದು, ಗೊರಗೊರ ಎನ್ನುತ್ತಿತ್ತು. ಹೆದರಿಕೆಗೆ ಗಂಟಲು ಒಣಗಿಹೋಗಿದೆ ಎಂದು ಅವಳಿಗೆ ಒಳಗೊಳಗೇ ತಂಪಾಯಿತು.

"ಬರ್ತೀನಿ. ಬರದೆ ಇರ್ತೀನಾ?" ಎಂದಳು. ತಿಂಗಳುಗಳ ಮೇಲೆ ಅವನ ಜೊತೆ ಆಡಿದ ಮೊದಲ ಮಾತು. ಅವನ ಕಣ್ಣು ತುಂಬಿಬಂತು. ಪಾಪ ಅನ್ನಿಸುವಷ್ಟರಲ್ಲಿ ಅವಳು ಬೇರೆ ಕಡೆ ನೋಡಿದಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ನಡುವೆ ಅಧ್ಯಕ್ಷರು, ಅವನ ತರಗತಿಗೆ ಪಾಠ ಮಾಡದ ಹಿರಿಯ ಪ್ರೊಫೆಸರು. ಅವರ ಬಲಕ್ಕೆ ಕನ್ನಡಕದ ದಾರ ತಿರುವುತ್ತ ಪ್ರವೇಶ ಮುಖ್ಯಸ್ಥರು. ಎಡಕ್ಕೆ ವಿದ್ಯಾರ್ಥಿಗಳ ಪರವಾಗಿ ಅವನದೇ ತರಗತಿಯ ಒಬ್ಬಳು, ಹಿಂದೆ ವಿಮಾನ ಓಡಿಸುತ್ತಿದ್ದುದರಿಂದ ಎಲ್ಲರೂ 'ಪೈಲಟ್' ಎನ್ನುತ್ತಿದ್ದವಳು. ಪ್ರವೇಶ ಮುಖ್ಯಸ್ಥರು ಇವಳನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ಆ ತಲೆಯಾಡಿಕೆಯಲ್ಲಿ ಅಯ್ಯೋ ಪಾಪ ಇತ್ತು, ಒಳ್ಳೆಯ ಸುದ್ದಿಯೂ ಇತ್ತು. ತಿಂಗಳ ಕೊನೆ ಹತ್ತಿರ ಬಂದಿತ್ತಲ್ಲ.

"ನಿಯಮ ಗೊತ್ತಿದೆಯಲ್ಲಮ್ಮ," ಎಂದರು ಅಧ್ಯಕ್ಷರು. "ಜೊತೆಗೆ ಬಂದವರು ಮಾತಾಡುವಂತಿಲ್ಲ. ಕೇಳಿಸಿಕೊಳ್ಳಬಹುದು ಅಷ್ಟೇ."

ಅದೇ ತಾನೇ ನನ್ನ ಯೋಗ್ಯತೆ, ಎಂದುಕೊಂಡು ಅವಳು ವಿನಯದಿಂದ ತಲೆ ತಗ್ಗಿಸಿದಳು.

ಯಂತ್ರ ಮೊದಲು ದಿನ ಹೇಳಿತು, ಹೊತ್ತು ಹೇಳಿತು. ಆಮೇಲೆ ಅವನ ದನಿ. ಆ ದೊಡ್ಡ ಕೋಣೆಯಲ್ಲೂ ಒಂದು ಹೊಲಿಗೆ ಕೇಳಲಿಲ್ಲ; ಅವಳು ಕಿವಿಗೊಟ್ಟು ಹುಡುಕಿದಳು, ತನಗೇ ಸಿಗಲಿಲ್ಲ. ಕರೆ ಬಂದ ನಂಬರು ಅವನದೇ ಎಂದು ಅಧ್ಯಕ್ಷರು ಓದಿ ಹೇಳಿದರು. ಸಂದೇಶವನ್ನು ಇನ್ನೊಂದು ಸಲ ಹಾಕಿದರು. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಅವಳು ಒಳ್ಳೆಯ ಹೆಂಡತಿಯ ಹಾಗೆ ಅವನ ಭುಜದ ಮೇಲೆ ಕೈ ಇಟ್ಟಳು. "ಈ ದನಿ ನಿಮ್ಮದೇನಾ?" ಎಂದು ಅಧ್ಯಕ್ಷರು ಕೇಳಿದರು. "ದನಿ ನಂದೇ ಸಾರ್," ಎಂದ. ಅವಳ ಎದೆಯೊಳಗೆ ಏನೋ ಹಗುರವಾಗಿ ಎದ್ದು ನಿಂತಿತು. ಎರಡು ವರ್ಷ ಹೊಂದಿಕೊಂಡದ್ದಕ್ಕೆ ಕೂಲಿ ಸಿಕ್ಕಂತಾಯಿತು.

"ಒಂದು ನಿಮಿಷ ಸಾರ್," ಎಂದಳು ಪೈಲಟ್. ಅವಳ ಹುಬ್ಬು ಗಂಟಾಗಿತ್ತು. "ದಿನ ಸರಿಯಾಗಿ ಕೇಳಿಸ್ಕೊಂಡ್ರಾ? ಅದು ರೇಡಿಯೋ ಕೆಟ್ಟು ಕೂತಿದ್ದ ವಾರ. ಆಟದಲ್ಲಿ ನಮಗೋಸ್ಕರ ಕೂಗಿ ಕೂಗಿ ಇವನ ಗಂಟಲು ಹರಿದುಹೋಗಿತ್ತು. ಭಾನುವಾರದಿಂದ ಪಿಸುಮಾತು ಕೂಡ ಆಡಬಾರದು ಅಂತ ಡಾಕ್ಟರು ಹೇಳಿದ್ರು. ಆಡ್ತೀನಂದ್ರೂ ಬರೀ ಗಾಳಿ ಬರ್ತಿತ್ತು. ವಾರವಿಡೀ ಕ್ಲಾಸಲ್ಲಿ ಕೈಯಲ್ಲೊಂದು ಹಲಗೆ ಹಿಡ್ಕೊಂಡು ಬರೆದು ವಾದ ಮಾಡಿದ್ದಾನೆ, ಮೇಷ್ಟ್ರು ಅದಕ್ಕೂ ಅಂಕ ಕೊಟ್ಟಿದ್ದಾರೆ. ಹುಡುಗರಿಗೆ, ಕ್ಯಾಂಟೀನಿನವರಿಗೆ, ಜೊತೆಗೆ ಬಂದಿರೋರಿಗೆ, ಎಲ್ಲರಿಗೂ ಗೊತ್ತು. ಇಂಥ ತುಂಬು ಕಂಠ ಆ ಗುರುವಾರ ಇವನಿಗೆ ಎಲ್ಲಿಂದ ಬರುತ್ತೆ? ಇದನ್ನ ಮಾಡಿದೋರು ಯಾರೋ, ಆ ವಾರ ಇವನಿಗೆ ದನಿಯೇ ಇರ್ಲಿಲ್ಲ ಅಂತ ಅವರಿಗೆ ಗೊತ್ತಿಲ್ಲ." ಅಂಗೈ ಕತ್ತಿನ ಮೇಲೆ, ಬಿಸಿನೀರಿನ ಲೋಟ, ಹಲ್ಲಿನ ಡಾಕ್ಟರಮ್ಮನ ನಗು, ಎಲ್ಲ ಒಟ್ಟಿಗೇ ಹೆಂಡತಿಯ ಮೇಲೆ ಬಿದ್ದವು. ಗಂಡ ಸಮಿತಿಯ ಕಡೆ ನೋಡುತ್ತಿರಲಿಲ್ಲ. ತನ್ನ ಭುಜದ ಮೇಲಿದ್ದ ಅವಳ ಕೈಯನ್ನು ನೋಡುತ್ತಿದ್ದ. "ನಿಂಗೆ ಅವತ್ತೇ ಮೆಸೇಜ್ ಹಾಕಿದ್ನಲ್ಲೇ," ಎಂದ, ಇನ್ನೂ ಪೂರ್ತಿ ವಾಸಿಯಾಗದ ದನಿಯಲ್ಲಿ. ಪ್ರವೇಶ ಮುಖ್ಯಸ್ಥರು ದಾರದ ಕನ್ನಡಕವನ್ನು ಮೂಗಿಗೇರಿಸಿ, ಸೌಂಡ್ ಎಡಿಟರ್ ಎಂದು ತಮ್ಮ ಮುಂದೆಯೇ ಹೆಮ್ಮೆಯಿಂದ ಹೇಳಿಕೊಂಡಿದ್ದ ಆ ಹೆಣ್ಣುಮಗಳನ್ನು ಹೊಸದಾಗಿ ನೋಡಿದರು. ಅಧ್ಯಕ್ಷರು ಯಂತ್ರವನ್ನು ಆರಿಸಿದರು. "ಪರವಾಗಿಲ್ಲಮ್ಮ," ಎಂದರು, "ಈಗ ನೀವು ಮಾತಾಡಬಹುದು."